ಅಡಿಗೆಮನೆಯ ಸನ್ಯಾಸಿನಿ

2015ನೆಯ ಇಸವಿಯಲ್ಲಿ ಕೆಥೋಲಿಕ ಧರ್ಮಸಭೆಯು ಸಂತಪದವಿಗೇರಿಸಿದವರಲ್ಲಿ ಇಬ್ಬರು ನಮ್ಮ ಕನ್ನಡ ಕರಾವಳಿಯ ಮಣ್ಣು ತುಳಿದವರು. ಒಬ್ಬರು ಗೋವೆಯಿಂದ ಬಂದು 1680ರ ದಶಕದಲ್ಲಿ ಕೆನರಾ ಪ್ರಾಂತದಲ್ಲಿ ದುಡಿದು, ಅನಂತರ ಸಿಂಹಳಕ್ಕೆ ಹೋದ ಪಾದ್ರಿ ಜೋಸೆಫ್ ವಾಜ್. ಆ ಹೆಸರನ್ನು ಮಂಗಳೂರಿನ ಕಡೆಯವರು ಚೆನ್ನಾಗಿ ಬಲ್ಲರು. ಇನ್ನೊಬ್ಬಳು ಓದುಬರಹ ಬಾರದ ಒಬ್ಬ ಅರಬ ಹೆಣ್ಣುಮಗಳು. ಮರಿಯಮ್ ಬಾವಾರ್ಡಿ ಎಂಬ ಅವಳ ಹೆಸರು ಘಟ್ಟದ ಮೇಲಿನ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆದರೆ ಆಕೆ ಸನ್ಯಾಸದ ಅಂತಿಮ ಪ್ರತಿಜ್ಞೆಯನ್ನು ಸ್ವೀಕರಿಸಿದ್ದು ರೋಮಿನಲ್ಲಲ್ಲ, ಜೆರೂಸಲೇಮಿನಲ್ಲೂ ಅಲ್ಲ, ನಮ್ಮ ಮಂಗಳೂರಿನಲ್ಲಿ.

ನಜರೇತಿಗೆ ದೂರವಲ್ಲದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಒಬ್ಬ ದಂಪತಿಗಳಿಗೆ ಹನ್ನೆರಡು ಗಂಡುಮಕ್ಕಳು ಹುಟ್ಟಿ, ಹನ್ನೆರಡೂ ಎಳವೆಯಲ್ಲೇ ತೀರಿಕೊಂಡವು. ಆ ತಾಯ್ತಂದೆಯರು ಬೆತ್ಲೆಹೇಮಿನವರೆಗೆ ಕಾಲ್ನಡಿಗೆಯಲ್ಲಿ ಹೋಗಿ, ತಮಗೊಂದು ಹೆಣ್ಣುಮಗುವಾದರೂ ಆಗಲೆಂದು ಮಾತೆ ಮರಿಯಳಲ್ಲಿ ಬೇಡಿಕೊಂಡರು. 1846ರ ಜನವರಿ 5ರಂದು ಮರಿಯಮ್ ಹುಟ್ಟಿದಳು. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ತಾಯಿತಂದೆ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಕಣ್ಣುಮುಚ್ಚಿದರು. ಅನಾಥೆಯಾದವಳನ್ನು ಸಾಕಿದವನು ತಂದೆಯ ಸೋದರ. ಅವನ ಸಂಸಾರದೊಡನೆ ಆಕೆ ಈಜಿಪ್ತಿನ ಅಲೆಕ್ಸಾಂಡ್ರಿಯಾಕ್ಕೆ ಹೋದಳು.

ಹದಿಮೂರರ ಪ್ರಾಯದ ಹೊತ್ತಿಗೆ ಮನೆಯವರು ಮದುವೆ ಗೊತ್ತುಮಾಡಿದರು. ಹುಡುಗಿ ತನ್ನ ತಲೆಗೂದಲನ್ನು ತಾನೇ ಕತ್ತರಿಸಿಕೊಂಡು, ತನಗೆ ಮದುವೆ ಬೇಡವೆಂದಳು. ಕೋಪಗೊಂಡ ಚಿಕ್ಕಪ್ಪ ಅವಳನ್ನು ಆಳುಗಳೊಡನೆ ಅಡಿಗೆಮನೆಯ ಚಾಕರಿಗೆ ಹಚ್ಚಿದನು. ಶಿಕ್ಷೆಯೆಂದು ಕೊಟ್ಟ ಆ ಸ್ಥಳವೇ ಮುಂದೆ ಅವಳ ಬಾಳಿನ ನೆಲೆಯಾಯಿತು! ಆ ದಿನಗಳಲ್ಲೇ ಪರಿಚಿತನೊಬ್ಬನೊಡನೆ ಧರ್ಮದ ವಿಷಯವಾಗಿ ಮಾತಿಗೆ ಮಾತು ಬೆಳೆದು, ಅವನು ಅವಳ ಕೊರಳನ್ನೇ ಕೊಯ್ದನು. ಹೇಗೋ ಬದುಕಿದಳು. ಕೊರಳ ಗಾಯದ ಕಲೆ ಕಡೆಯತನಕ ಉಳಿಯಿತು.

ಮತ್ತೆ ಆ ಮನೆಗೆ ಹೋಗಲಿಲ್ಲ. ಅಲೆಕ್ಸಾಂಡ್ರಿಯಾ, ಜೆರೂಸಲೇಮ್, ಬೈರೂತ್, ಕಡೆಗೆ ಫ್ರಾನ್ಸಿನ ಮಾರ್ಸೇಲ್ಸ್—ಊರಿಂದೂರಿಗೆ ಕಂಡವರ ಮನೆಯಲ್ಲಿ ಪಾತ್ರೆ ತೊಳೆಯುತ್ತ, ಬಟ್ಟೆ ಒಗೆಯುತ್ತ ನಡೆದಳು. ಮಾರ್ಸೇಲ್ಸಿನಲ್ಲಿ ಒಂದು ಕನ್ಯಾಮಠ ಅವಳನ್ನು ಸೇರಿಸಿಕೊಂಡು, ಎರಡು ವರ್ಷಗಳ ತರುವಾಯ ಬೇಡವೆಂದಿತು. ಅಲ್ಲಿ ಅವಳನ್ನು ಕಂಡಿದ್ದ ಮದರ್ ವೆರೋನಿಕಾ ಎಂಬ ಆಂಗ್ಲ ಸನ್ಯಾಸಿನಿ 1867ರಲ್ಲಿ ಪೋ ಪಟ್ಟಣದ ಕಾರ್ಮೆಲ್ ಮಠಕ್ಕೆ ಕರೆದೊಯ್ದರು. ಕರಾವಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ವಿದ್ಯೆ ಕೊಟ್ಟ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಸ್ಥಾಪಕಿ ಈ ವೆರೋನಿಕಾ ಅವರೇ.

ಆ ಕಾಲದ ಮಠಗಳಲ್ಲಿ ಎರಡು ದರ್ಜೆಗಳಿದ್ದವು. ಲ್ಯಾಟಿನ್ ಪ್ರಾರ್ಥನೆಗಳನ್ನು ಓದಿ ಹಾಡುವವರದು ಒಂದು; ಅಡಿಗೆ, ಕಸಮುಸುರೆ ನೋಡಿಕೊಳ್ಳುವ ಸೇವಾಭಗಿನಿಯರದು ಇನ್ನೊಂದು. ಮರಿಯಮಳನ್ನು ಮೊದಲನೆಯ ಸಾಲಿನಲ್ಲಿ ಕೂರಿಸಿದರು. ಅಕ್ಷರ ಹತ್ತಲಿಲ್ಲ. ತನ್ನನ್ನು ಸೇವಾಭಗಿನಿಯಾಗಿ ಇರಗೊಡಿರೆಂದು ತಾನೇ ಬೇಡಿಕೊಂಡಳು. ತನ್ನನ್ನು ಅವಳು ಕರೆದುಕೊಳ್ಳುತ್ತಿದ್ದುದು ‘ಏನೂ ಅಲ್ಲದ ಪುಟ್ಟವಳು’ ಎಂದು.

1870ರ ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಲು ಸನ್ಯಾಸಿನಿಯರ ಒಂದು ತಂಡ ಹೊರಟಿತು. ಕಠಿಣವಾದ ಆ ಪ್ರಯಾಣದಲ್ಲಿ ಮೂವರು ಮಂಗಳೂರನ್ನು ಕಾಣದೆಯೇ ತೀರಿಕೊಂಡರು. ಉಳಿದವರೊಡನೆ ಬಂದಿಳಿದ ಮರಿಯಮ್ 1871ರ ನವೆಂಬರ್ 21ರಂದು ಇಲ್ಲಿ ಪ್ರತಿಜ್ಞೆ ಸ್ವೀಕರಿಸಿದಳು.

ಅವಳಿಗೆ ಭಾವಸಮಾಧಿಯಾಗುತ್ತಿತ್ತು, ಕೈಕಾಲುಗಳಲ್ಲಿ ಯೇಸುವಿನ ಗಾಯಗಳು ಕಾಣಿಸಿಕೊಳ್ಳುತ್ತಿದ್ದವು ಎಂದು ಜೊತೆಯವರು ಹೇಳಿದ್ದಾರೆ. ಇಂಥ ಸಂಗತಿಗಳಿಗೆ ಮರುಳಾಗುವವರು ಎಲ್ಲ ಮತಗಳಲ್ಲೂ ಇದ್ದಾರೆ, ಸಂಶಯಪಡುವವರೂ ಇದ್ದಾರೆ. ಮಂಗಳೂರಿನ ಧರ್ಮಾಧಿಕಾರಿಗಳು ಸಂಶಯಪಟ್ಟರು. ಪ್ರತಿಜ್ಞೆ ಸ್ವೀಕರಿಸಿ ವರ್ಷ ತುಂಬುವುದರೊಳಗೆ, 1872ರಲ್ಲಿ, ಆಕೆಯನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಿಬಿಟ್ಟರು. ಸಾವಿನ ದಾರಿಯನ್ನು ಹಾದು ಬಂದವಳಿಗೆ ಇದೆಂಥ ಉಡುಗೊರೆ! ಪೋ ಮಠಕ್ಕೆ ಮರಳಿದವಳು ಮತ್ತೆ ಸೇವಾಭಗಿನಿಯ ಕೆಲಸಕ್ಕೆ ನಿಂತಳು. ನನ್ನ ಮಟ್ಟಿಗಂತೂ ಅವಳ ಭಾವಸಮಾಧಿಗಿಂತ ಈ ಮರಳಿ ನಿಂತದ್ದೇ ಹೆಚ್ಚಿನದು. ಅತ್ತೆಮನೆಯಲ್ಲೋ ಕಚೇರಿಯಲ್ಲೋ ಮಾಡದ ತಪ್ಪಿಗೆ ಸಂಶಯದ ನೋಟ ಹೊತ್ತು ಮರುದಿನ ಮತ್ತೆ ಅದೇ ಕೆಲಸಕ್ಕೆ ಕೈಹಾಕಿದವರಿಗೆ ಇದರ ತೂಕ ತಿಳಿದೀತು.

ಕನ್ನಡಿಗರಿಗೆ ಈ ಮಾತು ಪರಕೀಯವಲ್ಲ. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ಬೆಳೆದವರು ನಾವು. ಗದಗಿನ ಬಳಿಯ ನಾಗಾವಿಯಂಥ ಬಯಲುಸೀಮೆಯ ಊರಿನಲ್ಲಿ, ಬೇಸಗೆಯ ಬಿಸಿಲಿನಲ್ಲಿ ದುಡಿಯುವ ಆಳಿಗೆ ಒಂದು ತಂಬಿಗೆ ನೀರು ಎಂದರೇನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮರಿಯಮಳ ಕಡೆಯ ಕೆಲಸವೂ ಅದೇ ಆಗಿತ್ತು.

1875ರಲ್ಲಿ ಆಕೆ ಇತರ ಸನ್ಯಾಸಿನಿಯರೊಡನೆ ಬೆತ್ಲೆಹೇಮಿಗೆ ಹೋದಳು—ಅವಳ ಹುಟ್ಟನ್ನು ಬೇಡಿ ತಾಯ್ತಂದೆಯರು ನಡೆದುಹೋಗಿದ್ದ ಊರಿಗೆ. ಅಲ್ಲಿ ಹೊಸ ಮಠವೇಳಬೇಕಾಗಿತ್ತು. ಕಟ್ಟಡದ ಕೆಲಸಗಾರರು ಅರಬರು. ಬಂದ ಸನ್ಯಾಸಿನಿಯರಲ್ಲಿ ಅರಬ್ಬೀ ಬಲ್ಲವಳು ಇವಳೊಬ್ಬಳೇ. ಹೀಗಾಗಿ ಲ್ಯಾಟಿನ್ ಓದಲಾರದವಳು ಮೇಸ್ತ್ರಿಗಳಿಗೆ ಕೆಲಸ ಹೇಳುವವಳಾದಳು. ಮೇಲ್ವಿಚಾರಣೆ ಕೈಗೆ ಬಂದಿತೆಂದು ನೀರು ಹೊರುವುದನ್ನು ಬಿಟ್ಟವಳಲ್ಲ. 1878ರ ಆಗಸ್ಟ್ ತಿಂಗಳ ಬೇಗೆಯಲ್ಲಿ ಆಳುಗಳಿಗೆಂದು ಕುಡಿಯುವ ನೀರು ಒಯ್ಯುತ್ತಿದ್ದಾಗ ಮೆಟ್ಟಿಲ ಬಳಿ ಬಿದ್ದು ತೋಳು ಮುರಿಯಿತು. ಗಾಯ ಕೊಳೆತು ವಿಷವೇರಿತು. ನಾಲ್ಕು ದಿನಗಳಲ್ಲಿ, ಆಗಸ್ಟ್ 26ರಂದು, ತೀರಿಕೊಂಡಳು. ವಯಸ್ಸು ಮೂವತ್ತೆರಡು.

1983ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆಕೆಯನ್ನು ಪುನೀತಳೆಂದು ಸಾರಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತಳೆಂದು ಘೋಷಿಸಿದರು. ಈ ನಡುವೆ 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯು ಕನ್ಯಾಮಠಗಳಲ್ಲಿ ಹಾಡುವವರು, ಅಡಿಗೆಯವರು ಎಂಬ ದರ್ಜೆಗಳನ್ನು ತೆಗೆದು ಎಲ್ಲ ಭಗಿನಿಯರನ್ನೂ ಒಂದೇ ಸಾಲಿಗೆ ತರಬೇಕೆಂದು ವಿಧಿಸಿತು.