ಆರೋಗ್ಯ ಸೇವೆಯಲ್ಲಿ ಅಪ್ರೆಂಟಿಸ್ ತರಬೇತಿ: ಉದ್ಯಮಿಗೆ ಲಾಭವೇನು, ಹೊಣೆಯೇನು?

ಅಪ್ರೆಂಟಿಸ್ ಎಂದೊಡನೆ ನಮ್ಮ ಉದ್ಯಮಿಗಳ ಕಣ್ಣಮುಂದೆ ಬರುವುದು ಲೇತ್ ಯಂತ್ರದ ಬಳಿ ನಿಂತ ಐ.ಟಿ.ಐ. ವಿದ್ಯಾರ್ಥಿ. ಫಿಟ್ಟರ್, ಟರ್ನರ್, ವೆಲ್ಡರ್ ಮೊದಲಾದ ವೃತ್ತಿಗಳಿಗೆ ಮಾತ್ರ ಸೀಮಿತವೆಂದು ಬಹುಕಾಲ ಭಾವಿಸಲಾಗಿದ್ದ ಈ ತರಬೇತಿ ಪದ್ಧತಿಯು ಇಂದು ಆಸ್ಪತ್ರೆ, ನರ್ಸಿಂಗ್ ಹೋಂ, ರಕ್ತಪರೀಕ್ಷಾ ಪ್ರಯೋಗಾಲಯ, ಡಯಾಲಿಸಿಸ್ ಕೇಂದ್ರ, ಆಂಬ್ಯುಲೆನ್ಸ್ ಸೇವೆ ಹಾಗೂ ವೈದ್ಯಕೀಯ ಉಪಕರಣ ತಯಾರಿಕಾ ಘಟಕಗಳಿಗೂ ವಿಸ್ತರಿಸಿದೆ. ಇಂತಹ ಘಟಕಗಳನ್ನು ನಡೆಸುವವರಿಗೆ ಈ ಪದ್ಧತಿಯು ನಿಜವಾಗಿಯೂ ಅನುಕೂಲವೇ ಅಥವಾ ಕಾನೂನಿನ ಮತ್ತೊಂದು ಹೊರೆಯೇ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕೋವಿಡ್ ಕಲಿಸಿದ ಪಾಠ

2020ರಲ್ಲಿ ಕೋವಿಡ್ ಸಾಂಕ್ರಾಮಿಕವು ವ್ಯಾಪಿಸಿದಾಗ, ಮೈಸೂರಿನ ಸ್ಕ್ಯಾನ್‌ರೇ ಟೆಕ್ನಾಲಜೀಸ್ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ 30,000 ವೆಂಟಿಲೇಟರ್‌ಗಳನ್ನು ತಯಾರಿಸುವ ಕಾರ್ಯವನ್ನು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಕೈಗೆತ್ತಿಕೊಂಡಿತು. ಯಂತ್ರಗಳು ಕೆಲವೇ ತಿಂಗಳುಗಳಲ್ಲಿ ಸಿದ್ಧವಾದವು. ಅವುಗಳನ್ನು ನಡೆಸಬಲ್ಲ ಕೈಗಳು ಅಷ್ಟು ಶೀಘ್ರವಾಗಿ ಸಿದ್ಧವಾಗಲಿಲ್ಲ. ಕೊನೆಗೆ 2021ರ ಜೂನ್ 18ರಂದು ಕೇಂದ್ರ ಸರ್ಕಾರವು 26 ರಾಜ್ಯಗಳ 111 ಕೇಂದ್ರಗಳಲ್ಲಿ ಒಂದು ಲಕ್ಷ ಮಂದಿಗೆ ಅಲ್ಪಾವಧಿ ತರಬೇತಿ ನೀಡುವ ಕಾರ್ಯಕ್ರಮವನ್ನು ಆರಂಭಿಸಬೇಕಾಯಿತು. ಗೃಹ ಆರೈಕೆ, ತುರ್ತು ಆರೈಕೆ, ಮಾದರಿ ಸಂಗ್ರಹ, ಉಪಕರಣ ನಿರ್ವಹಣೆ ಸೇರಿದಂತೆ ಆರು ಬಗೆಯ ಕೆಲಸಗಳನ್ನು ಅದರಲ್ಲಿ ಕಲಿಸಲಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಸಾಮಾನ್ಯ ದಿನಗಳಲ್ಲಿಯೇ ಕೆಲಸಗಾರರನ್ನು ತಯಾರು ಮಾಡಿಕೊಳ್ಳುವ ವ್ಯವಸ್ಥೆಯೇ ಅಪ್ರೆಂಟಿಸ್ ತರಬೇತಿ.

ಕಾಯ್ದೆ ಏನು ಹೇಳುತ್ತದೆ?

ಈ ತರಬೇತಿಗೆ ಆಧಾರವಾಗಿರುವುದು 1961ರ ಅಪ್ರೆಂಟಿಸ್ ಕಾಯ್ದೆ. 2014ರ ತಿದ್ದುಪಡಿಯು ಐಚ್ಛಿಕ ವೃತ್ತಿಗಳೆಂಬ ಹೊಸ ವರ್ಗವನ್ನು ಸೃಷ್ಟಿಸಿತಲ್ಲದೆ, ಇಂಜಿನಿಯರಿಂಗೇತರ ಪದವೀಧರರಿಗೂ ಬಾಗಿಲು ತೆರೆಯಿತು. ರೋಗಿಗಳ ಸಾಮಾನ್ಯ ಆರೈಕೆಯ ಸಹಾಯಕ, ರಕ್ತದ ಮಾದರಿ ತೆಗೆಯುವವರು, ತುರ್ತು ಸೇವಾ ಸಹಾಯಕ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಮುಂತಾದ ಕೆಲಸಗಳಿಗೆ ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯು ಪಠ್ಯಕ್ರಮಗಳನ್ನು ರೂಪಿಸಿದೆ.

2019ರ ನಿಯಮಗಳ ಮುಖ್ಯಾಂಶಗಳು ಹೀಗಿವೆ:

1. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಅಪ್ರೆಂಟಿಸ್‌ಗಳ ನೇಮಕ ಕಡ್ಡಾಯ. 4ರಿಂದ 29 ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಐಚ್ಛಿಕ.

2. ಗುತ್ತಿಗೆ ನೌಕರರೂ ಸೇರಿದಂತೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 40 ಮಂದಿಯ ನರ್ಸಿಂಗ್ ಹೋಂ ಒಂದಕ್ಕೆ ಇದು ಕನಿಷ್ಠ ಒಬ್ಬರು, ಗರಿಷ್ಠ ಆರು ಮಂದಿ.

3. ಐಚ್ಛಿಕ ವೃತ್ತಿಗಳಲ್ಲಿ ತರಬೇತಿಯ ಅವಧಿ 6ರಿಂದ 36 ತಿಂಗಳು.

ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಆದುದರಿಂದ ಭವಿಷ್ಯ ನಿಧಿ ಹಾಗೂ ಇ.ಎಸ್.ಐ. ವಂತಿಗೆಗಳು ಅವನಿಗೆ ಅನ್ವಯಿಸುವುದಿಲ್ಲ. ಆದರೆ ತರಬೇತಿಯ ಸಂದರ್ಭದಲ್ಲಿ ಗಾಯಗೊಂಡರೆ ಪರಿಹಾರ ನೀಡುವ ಹೊಣೆ ಉದ್ಯೋಗದಾತನದೇ ಆಗಿದೆ. ಒಪ್ಪಂದದಲ್ಲಿ ಬೇರೆ ಷರತ್ತಿಲ್ಲದಿದ್ದರೆ ತರಬೇತಿ ಮುಗಿದ ನಂತರ ನೌಕರಿ ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ತರಬೇತಿ ಪಡೆದವರ ನೇಮಕದ ಬಗ್ಗೆ ಸಂಸ್ಥೆಯು ತನ್ನದೇ ಆದ ನೀತಿಯನ್ನು ರೂಪಿಸಿಕೊಳ್ಳಬೇಕು.

ಖರ್ಚಿನ ಲೆಕ್ಕ

ವ್ಯಾಪಾರಸ್ಥನ ಮೊದಲ ಪ್ರಶ್ನೆ ಖರ್ಚಿನದು. 2019ರ ನಿಯಮಗಳಲ್ಲಿ ಪಿ.ಯು.ಸಿ. ತೇರ್ಗಡೆಯಾದವರಿಗೆ ಮಾಸಿಕ ಕನಿಷ್ಠ 7,000 ರೂ. ಶಿಷ್ಯವೇತನವನ್ನು ನಿಗದಿಪಡಿಸಲಾಯಿತು. ಆ ದರದಲ್ಲಿ ವರ್ಷಕ್ಕೆ 84,000 ರೂ. ಆಗುತ್ತದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಡಿ ಕೇಂದ್ರ ಸರ್ಕಾರವು ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂ. ಮೀರದಂತೆ, ಭರಿಸುವ ವ್ಯವಸ್ಥೆ ಬಂದಿತು. 2023ರಿಂದ ಈ ಪಾಲನ್ನು ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಜಮಾ ಮಾಡಲಾಯಿತು. ಈ 18,000 ರೂ. ಕಳೆದರೆ ಉದ್ಯೋಗದಾತನ ಪಾಲು 66,000 ರೂ. 2025ರಲ್ಲಿ ಕೇಂದ್ರ ಅಪ್ರೆಂಟಿಸ್ ಮಂಡಳಿಯು ಶಿಷ್ಯವೇತನವನ್ನು ಶೇ. 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿದೆ. ಒಪ್ಪಂದ ಮಾಡಿಕೊಳ್ಳುವ ದಿನ ಜಾರಿಯಲ್ಲಿರುವ ದರ ಹಾಗೂ ನೆರವನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಆದರೆ ನಿಜವಾದ ವೆಚ್ಚ ಶಿಷ್ಯವೇತನವಲ್ಲ, ಕಲಿಸುವವರ ಸಮಯ. ಉದಾಹರಣೆಗಾಗಿ, ತಿಂಗಳಿಗೆ 26,000 ರೂ. ಸಂಬಳದ ಹಿರಿಯ ನರ್ಸ್ ಒಬ್ಬರು 26 ದಿನ, ದಿನಕ್ಕೆ 8 ಗಂಟೆ ದುಡಿಯುತ್ತಾರೆಂದು ಭಾವಿಸೋಣ. ಅವರ ಒಂದು ಗಂಟೆಯ ಬೆಲೆ 125 ರೂ. ದಿನಕ್ಕೊಂದು ಗಂಟೆಯಂತೆ ವರ್ಷದ 300 ದಿನ ಕಲಿಸಿದರೆ 37,500 ರೂ. ಒಬ್ಬ ಅಪ್ರೆಂಟಿಸ್‌ಗೆ ಒಟ್ಟು ವೆಚ್ಚ 1,03,500 ರೂ. ಆಗುತ್ತದೆ. ಅದೇ ಒಂದು ಗಂಟೆಯಲ್ಲಿ ಇಬ್ಬರಿಗೆ ಕಲಿಸಿದರೆ ತಲಾ ವೆಚ್ಚವು 84,750 ರೂ.ಗೆ ಇಳಿಯುತ್ತದೆ. ಈ ಗಂಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಪ್ರೆಂಟಿಸ್‌ನನ್ನು ಅಗ್ಗದ ಆಳೆಂದು ಭಾವಿಸುವವರಿಗೆ ಲಾಭವೂ ಇಲ್ಲ, ನೆಮ್ಮದಿಯೂ ಇಲ್ಲ. ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಅಪ್ರೆಂಟಿಸ್‌ನನ್ನು ಹಚ್ಚುವುದನ್ನು ಕಾಯ್ದೆಯೂ ಒಪ್ಪುವುದಿಲ್ಲ.

ಪ್ರಯೋಜನಗಳು

ಮೊದಲನೆಯದಾಗಿ, ಸಂಸ್ಥೆಯ ಕಾರ್ಯಪದ್ಧತಿಗೆ ಒಗ್ಗಿದ ಕೆಲಸಗಾರರು ದೊರೆಯುತ್ತಾರೆ. ರೋಗಿಯನ್ನು ನೋವಾಗದಂತೆ ಮಗ್ಗುಲು ಬದಲಿಸುವುದು, ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ಮಾದರಿಯ ಸೀಸೆಗೆ ತಪ್ಪಿಲ್ಲದೆ ಹೆಸರು ಬರೆಯುವುದು, ರೋಗಿಯ ಬಂಧುಗಳೊಡನೆ ಸಮಾಧಾನದಿಂದ ಮಾತನಾಡುವುದು ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಎರಡನೆಯದಾಗಿ, ಕಾಯಂ ನೇಮಕಕ್ಕೆ ಮುನ್ನವೇ ಅಭ್ಯರ್ಥಿಯ ಸ್ವಭಾವವನ್ನು ಅರಿಯಲು ಒಂದು ವರ್ಷದ ಅವಕಾಶ ಲಭಿಸುತ್ತದೆ. ಮೂರನೆಯದಾಗಿ, ಸಹಾಯಕರು ಸಿದ್ಧರಾದಂತೆ ನರ್ಸ್‌ಗಳು ತಾವೇ ಮಾಡಬೇಕಾದ ಚಿಕಿತ್ಸಾ ಕಾರ್ಯಗಳಿಗೆ ಹೆಚ್ಚು ಸಮಯ ನೀಡಬಲ್ಲರು.

ಉಪಕರಣ ತಯಾರಕರಿಗೆ ಇನ್ನೊಂದು ಅನುಕೂಲವಿದೆ. 2017ರ ವೈದ್ಯಕೀಯ ಉಪಕರಣ ನಿಯಮಗಳು ಗುಣಮಟ್ಟ ನಿರ್ವಹಣೆ ಮತ್ತು ದಾಖಲೆಗಳಿಗೆ ಬಹಳ ಮಹತ್ವ ನೀಡಿವೆ. ಆರಂಭದಿಂದಲೇ ದಾಖಲೆ ಬರೆದಿಡುವ ಶಿಸ್ತಿನಲ್ಲಿ ಬೆಳೆದ ತಂತ್ರಜ್ಞನು ತಪಾಸಣೆಯ ದಿನ ಮಾಲೀಕನಿಗೆ ನೆರವಾಗುತ್ತಾನೆ.

ಸವಾಲುಗಳು

ಕಾರ್ಖಾನೆಯಲ್ಲಿ ಕಲಿಯುವವನು ಕೆಡಿಸಿದ ಬಿಡಿಭಾಗವನ್ನು ಗುಜರಿಗೆ ಹಾಕಬಹುದು. ಆಸ್ಪತ್ರೆಯಲ್ಲಿ ತಪ್ಪಿನ ಫಲವನ್ನು ಅನುಭವಿಸುವವನು ರೋಗಿ. ಆದ್ದರಿಂದಲೇ ಇಲ್ಲಿ ಕಾನೂನಿನ ಗಡಿಗಳು ಬಿಗಿಯಾಗಿವೆ. ವೈದ್ಯರ ಚೀಟಿಯಂತೆ ಔಷಧಿ ವಿತರಿಸುವುದು 1948ರ ಔಷಧ ವಿಜ್ಞಾನ ಕಾಯ್ದೆಯ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್‌ನ ಕೆಲಸ. ಪ್ರಯೋಗಾಲಯ, ಕ್ಷ-ಕಿರಣ, ಡಯಾಲಿಸಿಸ್ ಮೊದಲಾದ ವಿಭಾಗಗಳ ತಂತ್ರಜ್ಞರನ್ನು 2021ರ ರಾಷ್ಟ್ರೀಯ ಕಾಯ್ದೆಯೊಂದು ತನ್ನ ವ್ಯಾಪ್ತಿಗೆ ತಂದಿದ್ದು, ಸಹಾಯಕ ಆರೋಗ್ಯ ವೃತ್ತಿಪರರಿಗೆ ಕನಿಷ್ಠ 2,000 ಗಂಟೆಗಳ ಶಿಕ್ಷಣವನ್ನು ವಿಧಿಸಿದೆ. ಅಪ್ರೆಂಟಿಸ್ ಇಂತಹ ಅರ್ಹ ವ್ಯಕ್ತಿಗೆ ಪರ್ಯಾಯನಾಗಲಾರ. ಅವರ ಕಣ್ಗಾವಲಿನಲ್ಲಿ ಕಲಿಯುವವನು ಮಾತ್ರ.

ಸುರಕ್ಷತೆಯು ಮತ್ತೊಂದು ಹೊಣೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆರೋಗ್ಯ ಕಾರ್ಯಕರ್ತರಿಗೆ ಕೆಲಸಕ್ಕೆ ಸೇರುವಾಗ ಹಾಗೂ ನಂತರ ವರ್ಷಕ್ಕೊಮ್ಮೆಯಾದರೂ ತ್ಯಾಜ್ಯ ನಿರ್ವಹಣೆಯ ತರಬೇತಿ ನೀಡಬೇಕೆಂದೂ, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕೆಂದೂ ತಿಳಿಸುತ್ತವೆ. ಬಳಸಿದ ಸೂಜಿ ಬಿಳಿ ಡಬ್ಬಿಗೆ, ಡ್ರಿಪ್ ಕೊಳವೆ ಕೆಂಪು ಚೀಲಕ್ಕೆ ಎಂಬ ಪಾಠವು ಮೊದಲ ದಿನವೇ ಆಗಬೇಕು, ಸೂಜಿ ಚುಚ್ಚಿದ ನಂತರವಲ್ಲ.

ತರಬೇತಿ ಪಡೆದವರು ದೊಡ್ಡ ಆಸ್ಪತ್ರೆಗಳಿಗೆ ಹೊರಟುಹೋಗುತ್ತಾರೆಂಬ ದೂರೂ ಸಾಮಾನ್ಯ. ಇದನ್ನು ಪೂರ್ಣವಾಗಿ ತಡೆಯಲಾಗದು. ತರಬೇತಿಯ ನಂತರದ ಸಂಬಳ ಮತ್ತು ಹುದ್ದೆಯನ್ನು ಆರಂಭದಲ್ಲಿಯೇ ತಿಳಿಸಿ ನುಡಿದಂತೆ ನಡೆಯುವ ಸಂಸ್ಥೆಯಲ್ಲಿ ಉಳಿಯುವವರು ಹೆಚ್ಚು.

ಸಣ್ಣ ಸಂಸ್ಥೆಗಳಿಗೆ ಮಾರ್ಗ

ಹತ್ತು ಹಾಸಿಗೆಗಳ ನರ್ಸಿಂಗ್ ಹೋಂ ಅಥವಾ ಎಂಟು ಮಂದಿಯ ಪ್ರಯೋಗಾಲಯವು ಇಷ್ಟೆಲ್ಲವನ್ನೂ ಒಂಟಿಯಾಗಿ ನಿರ್ವಹಿಸುವುದು ಕಷ್ಟ. ಹಲವು ಉದ್ಯೋಗದಾತರು ತಾವೇ ಒಟ್ಟುಗೂಡಿ ಅಥವಾ ಅನುಮೋದಿತ ಸಂಸ್ಥೆಯೊಂದರ ಮೂಲಕ ತರಬೇತಿ ನೀಡಲು ಕಾಯ್ದೆಯಲ್ಲಿಯೇ ಅವಕಾಶವಿದೆ. ಒಂದೇ ಊರಿನ ನಾಲ್ಕೈದು ಸಂಸ್ಥೆಗಳು ಕೂಡಿ ಒಬ್ಬ ತರಬೇತುದಾರರನ್ನು ನೇಮಿಸಿಕೊಂಡು, ಪಾಠವನ್ನು ಒಂದೆಡೆ ನಡೆಸಿ, ಪ್ರಾಯೋಗಿಕ ಕಲಿಕೆಯನ್ನು ಹಂಚಿಕೊಳ್ಳಬಹುದು. ಉಪಕರಣ ತಯಾರಕರೂ ಈ ಕೂಟಕ್ಕೆ ಸೇರಿದರೆ, ಯಂತ್ರವನ್ನು ತಯಾರಿಸುವವನಿಗೆ ಅದರ ಬಳಕೆಯೂ ಬಳಸುವವನಿಗೆ ಅದರ ದುರಸ್ತಿಯೂ ಪರಿಚಯವಾಗುತ್ತದೆ. ನೋಂದಣಿ, ಒಪ್ಪಂದ, ಹಾಜರಿ ಮೊದಲಾದ ಕಾಗದಪತ್ರಗಳ ಹೊರೆಯೂ ಹಂಚಿಹೋಗುತ್ತದೆ. ಇಂತಹ ಕೂಟಗಳನ್ನು ಸಂಘಟಿಸಲು ವಾಣಿಜ್ಯೋದ್ಯಮ ಸಂಸ್ಥೆಗಳಿಗಿಂತ ಸೂಕ್ತ ವೇದಿಕೆ ಬೇರೊಂದಿಲ್ಲ.

ಆಸಕ್ತ ಸದಸ್ಯರು ಮೊದಲು ತಮ್ಮ ಸಂಸ್ಥೆಯ ಕೆಲಸಗಳನ್ನು ಮೂರು ಪಟ್ಟಿಗಳಾಗಿ ಬರೆದುಕೊಳ್ಳುವುದು ಒಳಿತು: ಅಪ್ರೆಂಟಿಸ್ ಸ್ವತಃ ಮಾಡಬಹುದಾದವು, ಹಿರಿಯರ ಎದುರಿನಲ್ಲಿ ಮಾತ್ರ ಮಾಡಬಹುದಾದವು, ಮಾಡಲೇಕೂಡದವು. ಅನಂತರ ಕಲಿಸುವವರು ಯಾರು, ದಿನದ ಯಾವ ಗಂಟೆಯಲ್ಲಿ ಎಂಬುದನ್ನು ನಿರ್ಧರಿಸಬೇಕು. ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಅಪ್ರೆಂಟಿಸ್‌ನ ಅರ್ಜಿಯನ್ನು ಕೈಗೆತ್ತಿಕೊಳ್ಳುವುದು ರೋಗಿಗೂ ಕಲಿಯುವವನಿಗೂ ಉದ್ಯಮಿಗೂ ಕ್ಷೇಮಕರ.