ಎರಡೂವರೆ ಸಾವಿರಕ್ಕೆ ಒಬ್ಬಳು

ಯಲಹಂಕ ನ್ಯೂಟೌನಿನ ನಮ್ಮ ಮನೆಯ ಬಾಗಿಲ ಚೌಕಟ್ಟಿನಲ್ಲಿ ಮಗಳ ಎತ್ತರ ಗುರುತಿಸಿದ ಪೆನ್ಸಿಲ್ ಗೀಟುಗಳಿವೆ. ಏಳು ತುಂಬಿದ ಮೇಲಿನವು ಒಂದಕ್ಕೊಂದು ಅಂಟಿಕೊಂಡಂತಿವೆ. ‘ನಿಮ್ಮ ಕಡೆಯವರೆಲ್ಲ ಗಿಡ್ಡ ಅಲ್ವೇನಮ್ಮ, ಬಿಡು’ ಎಂದಿದ್ದರು ಅತ್ತೆ. ಕ್ಯಾರಿಯೋಟೈಪ್ ಪರೀಕ್ಷೆಯ ವರದಿ ಬೇರೆಯೇ ಹೇಳಿತು: 46 ಕ್ರೋಮೋಸೋಮುಗಳ ಬದಲು 45, ಒಂದು ಎಕ್ಸ್ ಇಲ್ಲ. ಟರ್ನರ್ ಸಿಂಡ್ರೋಮ್.

ಅಮೆರಿಕದ ವೈದ್ಯ ಹೆನ್ರಿ ಟರ್ನರ್ ಇದನ್ನು ವಿವರಿಸಿದ್ದು 1938ರಲ್ಲಿ. ಕಾರಣ ಗೊತ್ತಾಗಿದ್ದು 1959ರಲ್ಲಿ. ಹುಟ್ಟುವ 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಇರುತ್ತದೆ. ಅಂದರೆ ಐದು ಲಕ್ಷಕ್ಕೆ ಕಡಿಮೆಯೆಂದರೂ 200 ಮಂದಿ. ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದಲ್ಲೂ ಇರಲೇಬೇಕಲ್ಲ, ಎಲ್ಲಿದ್ದಾರೆ? ಎಷ್ಟೋ ಜನರಿಗೆ ತಮಗಿದೆಯೆಂದೇ ಗೊತ್ತಿಲ್ಲ. ಕೆಲವರಿಗೆ ಒಂದಷ್ಟು ಜೀವಕೋಶಗಳಲ್ಲಿ ಮಾತ್ರ ಈ ಕೊರತೆ. ಮುಟ್ಟು ಶುರುವಾಗದಿದ್ದಾಗಲೋ, ಮದುವೆಯಾಗಿ ಮಕ್ಕಳಾಗದಿದ್ದಾಗಲೋ ಬೆಳಕಿಗೆ ಬರುತ್ತದೆ. ಇನ್ನೊಂದು ಲೆಕ್ಕ ಕೇಳಿ ನಾನೇ ಬೆಚ್ಚಿದೆ: ಒಂದು ಎಕ್ಸ್ ಪೂರ್ತಿ ಇಲ್ಲದ ಭ್ರೂಣಗಳಲ್ಲಿ ನೂರಕ್ಕೆ ಸುಮಾರು 99 ಗರ್ಭದಲ್ಲೇ ಉಳಿಯುವುದಿಲ್ಲ.

ತಾಯಿಯ ವಯಸ್ಸು ಇದಕ್ಕೆ ಕಾರಣವಲ್ಲ. (ಇದನ್ನು ನೆಂಟರಿಗಾಗಿ ಬರೆಯುತ್ತಿದ್ದೇನೆ.) ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ಬೇಗ ಶುರುವಾದಷ್ಟೂ ಎತ್ತರಕ್ಕೆ ಲಾಭ. ಮಹಾಧಮನಿಯ ತೊಂದರೆ ಇರಬಹುದಾದ್ದರಿಂದ ಹೃದಯದ ಎಕೋ ಮಾತ್ರ ತಪ್ಪಿಸುವಂತಿಲ್ಲ.