ಮಣ್ಣಿನ ಏರಿಗೆ ಜಾಲರಿಯ ಬಲ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಗಡಿಯ ಈಚೆ ಬೀದರ್ ಜಿಲ್ಲೆಯಲ್ಲೂ ನೆಲ ನಡುಗಿತು. ಅಂದು ಸತ್ತವರು ಸುಮಾರು 10 ಸಾವಿರ. ಹೆಚ್ಚಿನವರನ್ನು ಕೊಂದದ್ದು ಅವರದೇ ಮನೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆಗಳು. ಹಾಗಾದರೆ ರಾಜೇಶ್ವರ, ಬಸವಕಲ್ಯಾಣ, ಹುಮನಾಬಾದ್‌ಗಳ ಈ ಸೀಮೆಯಲ್ಲಿ ನೀರು ಹಿಡಿದು ನಿಂತಿರುವ ಚುಳಕಿ ನಾಲಾ, ಕಾರಂಜಾ ಜಲಾಶಯಗಳಂಥ ಕಡೆ ಮಣ್ಣಿನ ಏರಿ ಕುಲುಕಿದರೆ ಏನಾಗುತ್ತದೆ?

ಇದನ್ನು ಮನೆಯಲ್ಲೇ ನೋಡಬಹುದು. ತಟ್ಟೆಯ ಮೇಲೆ ಒಣ ಮರಳಿನ ದಿಬ್ಬ ಮಾಡಿ, ತಟ್ಟೆಯ ಅಂಚನ್ನು ಮೆಲ್ಲಗೆ ತಟ್ಟಿ. ದಿಬ್ಬದ ತಲೆ ಕುಸಿಯುತ್ತದೆ, ಬುಡ ಹರಡುತ್ತದೆ. ಈಗ ಪದರ ಪದರವಾಗಿ ಮರಳು ಹಾಕುತ್ತಾ ನಡುನಡುವೆ ತೆಳು ಬಟ್ಟೆಯ ತುಂಡುಗಳನ್ನು ಹಾಸಿ, ಮತ್ತೆ ತಟ್ಟಿ. ಹರಡುವುದು ಕಡಿಮೆಯಾಗುತ್ತದೆ.

ಕಾರಣ ಸರಳ. ಮಣ್ಣು ಒತ್ತಡ ತಾಳುತ್ತದೆ, ಎಳೆತ ತಾಳದು. ಗೋಡೆಯ ಮಣ್ಣಿಗೆ ನಮ್ಮ ಹಿರಿಯರು ಹುಲ್ಲು ಕಲಸುತ್ತಿದ್ದುದು ಇದಕ್ಕೇ. ಇಂದಿನ ಎಂಜಿನಿಯರುಗಳು ಪ್ಲಾಸ್ಟಿಕ್‌ನ ಗಟ್ಟಿ ಜಾಲರಿ, ಅಂದರೆ ಜಿಯೋಗ್ರಿಡ್, ಹಾಸುತ್ತಾರೆ. ಏರಿಯ ಇಳಿಜಾರು ಹೊರಕ್ಕೆ ಜಾರಲು ಹೊರಟಾಗ ಜಾಲರಿ ಬಿಗಿಯಾಗುತ್ತದೆ. ಒಳಗಿನ ಮಣ್ಣಿನೊಡನೆ ಅದಕ್ಕಿರುವ ಘರ್ಷಣೆ ಜಾರುವ ಭಾಗವನ್ನು ಹಿಡಿದೆಳೆಯುತ್ತದೆ. ನಡುಕ ನಿಲ್ಲುವುದಿಲ್ಲ, ಆದರೆ ಉಬ್ಬುವುದೂ ಜಾರುವುದೂ ಮಿತಿಯಲ್ಲಿರುತ್ತವೆ. ಇದು ಸಣ್ಣ ಲಾಭವಲ್ಲ. ಏರಿಯ ತಲೆ ತಗ್ಗಿ ನೀರು ಮೇಲೆ ಹರಿದರೆ, ಆ ನೀರೇ ಏರಿಯನ್ನು ಕೊರೆದು ಒಯ್ಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಮಾಧವಿ ಲತಾ ಮತ್ತು ಸಂಗಡಿಗರು ಯಂತ್ರದಿಂದ ಅಲುಗುವ ಮೇಜಿನ ಮೇಲೆ ಮಣ್ಣಿನ ಗೋಡೆ, ಇಳಿಜಾರುಗಳ ಮಾದರಿ ಕಟ್ಟಿ ಕುಲುಕಿ ಪರೀಕ್ಷಿಸಿದರು. ಬಲವರ್ಧಕ ಪದರಗಳಿದ್ದ ಮಾದರಿಗಳು ಕಡಿಮೆ ಸರಿದವು.

ಆದರೆ ಜಾಲರಿ ಸರ್ವರೋಗಕ್ಕೂ ಮದ್ದಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛ್‌ನ ಚಾಂಗ್, ಶಿವಲಖಾ, ತಪ್ಪರ್ ಮುಂತಾದ ಮಣ್ಣಿನ ಅಣೆಕಟ್ಟೆಗಳು ಬಿರಿದವು, ಕುಸಿದವು. ಚಾಂಗ್‌ನಲ್ಲಿ ತಳದ ನೀರುಂಡ ಸಡಿಲ ಮಣ್ಣೇ ನಡುಕಕ್ಕೆ ಅಂಬಲಿಯಂತಾಗಿತ್ತು. ಜಲಾಶಯಗಳಲ್ಲಿ ನೀರು ಬಹಳ ಕಡಿಮೆ ಇದ್ದುದರಿಂದ ಕೆಳಗಿನ ಊರುಗಳು ಉಳಿದವು.

ಏರಿಯೊಳಗೆ ಹಾಸಿದ ಜಾಲರಿ ಏರಿಯನ್ನು ಹಿಡಿದೀತು, ಅದರಡಿಯ ನೆಲವನ್ನಲ್ಲ. ಆದ್ದರಿಂದ ಮೊದಲು ತಳದ ಮಣ್ಣಿನ ಪರೀಕ್ಷೆ, ಬಳಿಕ ಚೆನ್ನಾಗಿ ದಮ್ಮಸ್ಸು, ಆಮೇಲೆ ಜಾಲರಿ. ಈ ಕ್ರಮ ತಪ್ಪಿದರೆ ಎಷ್ಟು ಪದರ ಹಾಸಿದರೂ ವ್ಯರ್ಥ.